ಖಲಾಸ್

ಹೊಫೂಫಿಗೆ ಬಂದ ಮೊದಲ ವಾರ
ಹೆರಿಗೆ ಕೋಣೆಯಲ್ಲಿ ಡಾಕ್ಟರಮ್ಮ ‘ಖಲಾಸ್’ ಅಂದಾಗ
ನನ್ನ ಕೈಕಾಲು ತಣ್ಣಗಾಗಿದ್ದವು.
ನಮ್ಮ ಹುಮನಾಬಾದ ಕಡೆ ಖಲಾಸ್ ಅಂದರೆ
ಚಿಮಣಿ ಎಣ್ಣೆ ತೀರಿತು, ಕಡೆಯ ಬಸ್ಸು ಹೋಯಿತು,
ಇಲ್ಲವೇ ಯಾರೋ ಸತ್ತರು.
ಇಲ್ಲಿ ನೋಡಿದರೆ ಕೂಸು
ತಾಯಿಯ ಎದೆ ಮೇಲೆ ಬೆಚ್ಚಗೆ ಬಿದ್ದುಕೊಂಡು
ಲೋಕಕ್ಕೆಲ್ಲ ಬೈಯುತ್ತಿತ್ತು.

ಆಮೇಲೆ ಮರಿಸೆಲ್ ಹೇಳಿಕೊಟ್ಟಳು:
ಮಾಸಿಗೂ ಇಲ್ಲಿ ಅದೇ ಮಾತು,
ಈ ಊರಿನ ತೋಟದ ಖರ್ಜೂರಕ್ಕೂ ಅದೇ ಹೆಸರು.
ಒಂದು ಶಬ್ದಕ್ಕೆ ಇಷ್ಟು ಕೆಲಸ ಹಚ್ಚಬಾರದು ಅಂದೆ.
ನಕ್ಕಳು. ನಮಗೆ ಹಚ್ಚುವುದಿಲ್ಲವೇ?

ಈ ರಾತ್ರಿ ನಾಲ್ಕನೇ ಹಾಸಿಗೆಯಲ್ಲಿ ಹೆಸ್ಸಾ.
ಹತ್ತೊಂಬತ್ತು ವರ್ಷ, ಚೊಚ್ಚಲು,
ಮೂವತ್ತೈದು ವಾರಕ್ಕೇ ನೀರು ಒಡೆದಿದೆ.
ನೋವು ಬಂದಾಗಲೆಲ್ಲ ನನ್ನ ಮಣಿಕಟ್ಟು ಹಿಡಿದು
ಬಟ್ಟೆ ಹಿಂಡುವಂತೆ ತಿರುಚುತ್ತಾಳೆ.
ನನಗೆ ಬರುವ ಅರಬಿ ಹಿಡಿಯಷ್ಟು:
ನಫಸ್, ನಫಸ್, ಉಸಿರು ತಗೋ ತಾಯಿ.
ಸಬರ್ ಅನ್ನುವುದನ್ನು ಕಲಿಯಬೇಕಾಗಲಿಲ್ಲ,
ನಮ್ಮೂರ ಸಂತೆಯಲ್ಲೇ ಸಿಗುತ್ತಿತ್ತು.
ಉಳಿದದ್ದೆಲ್ಲ ಅಂಗೈಯಿಂದ
ಅವಳ ಬೆನ್ನ ಮೇಲೆ ಬರೆಯುತ್ತೇನೆ.

ಬೆನ್ನು ನೀವುವುದು ಅವ್ವ ಕಲಿಸಿದ್ದು.
ಅವ್ವ ಎಸ್ತೇರಮ್ಮ, ಸೂಲಗಿತ್ತಿ.
ಸರಿರಾತ್ರಿ ಮೇಲೋಣಿಯ ಆಳು ಕಂದೀಲು ಹಿಡಿದು
ನಮ್ಮ ಅಂಗಳದಾಚೆ ನಿಂತು ಕೂಗುವನು.
ಆ ಮನೆಗಳ ಒಳಗೆ ಅವಳಿಗೆ ಅದೊಂದು ರಾತ್ರಿಯ ಅಪ್ಪಣೆ.
ತಲೆ ಕಂಡಾಗ, ಹೆಗಲು ತಿರುಗಿದಾಗ,
ಹೊಕ್ಕುಳ ಬಳ್ಳಿಗೆ ಗಂಟು ಬಿಗಿದಾಗ
ಎಲ್ಲರ ಕಣ್ಣು ಅವಳ ಕೈ ಮೇಲೆ.
ಮಾಸು ಹೂತು ಬಂದ ಮೇಲೆ
ಅದೇ ಕೈ ಮುಟ್ಟಬಾರದ್ದು.
ಮೊರದ ಜೋಳ ಎತ್ತರದಿಂದ ಸೆರಗಿಗೆ ಬೀಳುವುದು.
‘ಖಲಾಸ್, ನಡಿ ಇನ್ನ.’
ಚೆಲ್ಲಿದ ಕಾಳು ನಾನು ಆರಿಸುತ್ತಿದ್ದೆ. ಎಣಿಸುತ್ತಿರಲಿಲ್ಲ.

ಈಗ ಎಣಿಸುವುದೇ ನನ್ನ ಸಂಬಳ.
ಮೂರು ನಲವತ್ತಕ್ಕೆ ಹೆಣ್ಣು ಕೂಸು. ಅಳಲಿಲ್ಲ.
ನೇರಳೆ ಬಣ್ಣ, ಜೋತು ಬಿದ್ದ ಕೈಕಾಲು.
ಒರೆಸಿದೆ. ಬೆನ್ನುಜ್ಜಿದೆ. ಅಂಗಾಲು ತಟ್ಟಿದೆ.
ಮರಿಸೆಲ್ ಮಾಸ್ಕು ಹಿಡಿದಳು, ನಾನು ಚೀಲ ಹಿಸುಕಿದೆ:
ಒತ್ತು, ಬಿಡು, ಬಿಡು,
ಒತ್ತು, ಬಿಡು, ಬಿಡು,
ಗುಬ್ಬಿಯಷ್ಟು ಎದೆ, ಏಳಬೇಕು. ಎದ್ದಿತು.
ಮೂವತ್ತು. ನಲವತ್ತು.
ಪರದೆಯಾಚೆ ಹೆಸ್ಸಾ ಏನೋ ಕೇಳುತ್ತಿದ್ದಾಳೆ.
ಪ್ರಶ್ನೆ ಯಾವ ಭಾಷೆಯಲ್ಲಿದ್ದರೂ ತಿಳಿಯುವಂಥದ್ದು,
ಉತ್ತರ ನನ್ನ ಹತ್ತಿರ ಇರಲಿಲ್ಲ.
ಐವತ್ತೈದಕ್ಕೆ ಸಣ್ಣದೊಂದು ಸೀನು.
ಆಮೇಲೆ ಅಳು,
ಬೆಕ್ಕಿನ ಮರಿಯ ಬಾಲ ತುಳಿದಂತೆ.

ಬೆಳಗಾಗುತ್ತಲೇ ಹೆಸ್ಸಾಳ ಅಜ್ಜಿ ಬಂದಳು,
ಫ್ಲಾಸ್ಕಿನಲ್ಲಿ ಹಸೊ: ಅಳವಿ, ಮೆಂತ್ಯ, ಮೆಣಸು.
ಮುಚ್ಚಳ ತೆಗೆದದ್ದೇ ನಾನು ನಿಂತಲ್ಲೇ ನಿಂತೆ.
ನಮ್ಮ ಬಾಣಂತಿ ಕೋಣೆಗಳ ವಾಸನೆ,
ಅವ್ವ ಹೊಸ್ತಿಲಾಚೆಯಿಂದಲೇ ಮೂಸಿ
‘ಅಳವಿ ಹಸಿ ಉಳದದ’ ಅನ್ನುತ್ತಿದ್ದ ವಾಸನೆ.

ಗ್ಲೌಸು ತೆಗೆ ಅಂತ ಸನ್ನೆ ಮಾಡಿದಳು ಅಜ್ಜಿ.
ಕೈ ತೊಳೆದು ಬಂದೆ, ನೋಡಿ ಅಭ್ಯಾಸ ಹೇಗೆ,
ಎರಡೂ ಅಂಗೈ ಜೋಡಿಸಿ ತಗ್ಗಿಸಿ ಚಾಚಿದೆ,
ಮೇಲಿನಿಂದ ಬೀಳಲಿಕ್ಕೆ.
ಅವಳು ನನ್ನ ಕೈಗಳನ್ನು ಬದಿಗೆ ಸರಿಸಿ
ಬೀಜ ತೆಗೆದ ಖರ್ಜೂರವನ್ನು
ತನ್ನ ಬೆರಳಿನಿಂದಲೇ ನನ್ನ ಬಾಯಿಗಿಟ್ಟಳು.
ಒರಟು ಹೆಬ್ಬೆರಳು ತುಟಿಗೆ ತಾಗಿತು.
‘ಖಲಾಸ್’ ಅಂದಳು.
ಹಣ್ಣಿನ ಹೆಸರೋ, ಮುಗಿಯಿತೆಂದಳೋ,
ಕೇಳಲು ನನ್ನ ಬಾಯಿ ತುಂಬಿತ್ತು.

ಇನ್ನು ಮೂರು ಹಣ್ಣು ಕೈಗಿಟ್ಟಳು. ಜೇಬಿಗೆ ಹಾಕಿಕೊಂಡೆ.

ಆರನೇ ಹಾಸಿಗೆಯ ಬಾಗಿಲಲ್ಲಿ
ಪೊಲೀಸ್ ಹೆಂಗಸು ಕುರ್ಚಿ ಹಾಕಿ ಕೂತಿದ್ದಳು.
ಒಳಗೆ ಅಸ್ನಾಕೆಚ್, ಮನೆಗೆಲಸದವಳು,
ಕಾಗದವಿಲ್ಲ, ಗಂಡನ ಹೆಸರಿನ ಜಾಗ ಖಾಲಿ,
ಗಂಡು ಕೂಸು, ಎರಡು ಕಿಲೋ ಒಂಬೈನೂರು.
ಆ ಹಾಸಿಗೆಗೆ ಯಾರೂ ಫ್ಲಾಸ್ಕು ತರುವುದಿಲ್ಲ.
ಒಂದು ಹಣ್ಣಿನ ಬೀಜ ತೆಗೆದೆ,
ಬೆರಳ ತುದಿಯಲ್ಲಿ ಹಿಡಿದು ಅವಳ ತುಟಿಯ ಹತ್ತಿರ ಒಯ್ದೆ.
ಗೋಡೆ ಕಡೆ ಮುಖ ತಿರುಗಿಸಿದಳು.

ಕೈ ಹಿಂದಕ್ಕೆ ತೆಗೆಯಲಿಲ್ಲ ನಾನು.
ಡ್ಯೂಟಿ ಮುಗಿದು ಹದಿನೈದು ನಿಮಿಷವಾಗಿತ್ತು.